ಮೊದಲ ಬಟ್ಟಲು

ಗುಂಡ ಎಂದು ಹೆಸರಿಟ್ಟವಳು ಅಕ್ಕನೇ. ಚಿಕ್ಕಂದಿನಲ್ಲಿ ಎತ್ತಿಕೊಂಡರೆ ಸೊಂಟ ಬಿದ್ದುಹೋಗುವಷ್ಟು ದಪ್ಪಗಿದ್ದ ತಮ್ಮ. ಈಗ ಎದೆಯೊಳಗಿನ ಗಡ್ಡೆ ಅವನನ್ನು ಮೂಳೆ ಚಕ್ಕಳ ಮಾಡಿಟ್ಟಿತ್ತು. ಸ್ವಲ್ಪ ಮೈ ತುಂಬಿಕೊಂಡರೆ ಆಪರೇಷನ್, ಇಲ್ಲದಿದ್ದರೆ ಇಲ್ಲ ಎಂದು ಡಾಕ್ಟರು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

ಅಕ್ಕ ತೂಕ ಇಳಿಸುವ ಕ್ಲಿನಿಕ್ಕಿನಲ್ಲಿ ಅಡುಗೆಯವಳು. ಅಲ್ಲಿ ಬಡಿಸುವುದಕ್ಕೊಂದು ಕ್ರಮ: ಮೊದಲು ಮೊಟ್ಟೆಯ ಬಿಳಿ, ಬೆಂದ ಕಾಳು, ಆ ಬಟ್ಟಲು ಖಾಲಿಯಾದ ಮೇಲಷ್ಟೇ ಅನ್ನ. ಕೈಗೆ ಹತ್ತಿದ ಕ್ರಮ ಮನೆಗೂ ಬಂತು. ಶಕ್ತಿ ಬರಲಿ ಎಂದು ತಮ್ಮನಿಗೂ ಮೊದಲು ಅದೇ ಬಟ್ಟಲು. ಕಷ್ಟಪಟ್ಟು ಅದನ್ನು ಮುಗಿಸಿ, ಅನ್ನ ಕಂಡರೆ ಮುಖ ತಿರುಗಿಸುತ್ತಿದ್ದ.

"ಹೊಟ್ಟೆ ತುಂಬ್ತು ಅಕ್ಕ."

"ಏನ್ ತುಂಬ್ತೋ, ಗುಬ್ಬಚ್ಚಿ ತಿಂದಷ್ಟೂ ತಿಂದಿಲ್ಲ! ನಿನ್ನ ಹಟಕ್ಕಿಷ್ಟು ಬೆಂಕಿ ಹಾಕ!"

ಬೈದಳು, ಗೋಗರೆದಳು, ಬಚ್ಚಲಲ್ಲಿ ನಿಂತು ಅತ್ತಳು. ತಮ್ಮ ಇಳಿಯುತ್ತಲೇ ಹೋದ.

ಅವತ್ತು ಬೆಳಿಗ್ಗೆ ಡಾಕ್ಟರ ಫೋನ್ ಬಂತು. "ತುಂಬಾ ಸೊರಗಿಬಿಟ್ಟಿದ್ದಾರಮ್ಮ. ಇನ್ನು ಆಪರೇಷನ್ ತಡೆಯೋ ಮೈಯಲ್ಲ ಅದು. ಮನೇಲಿ ಚೆನ್ನಾಗಿ ನೋಡ್ಕೊಳ್ಳಿ." ತಮ್ಮನಿಗೆ ಹೇಳಲು ಬಾಯಿ ಬರಲಿಲ್ಲ. ಸುಮ್ಮನೆ ಕೆಲಸಕ್ಕೆ ಹೋದಳು.

ಕ್ಲಿನಿಕ್ಕಿನಲ್ಲಿ ದಢೂತಿ ಗಿರಾಕಿಯೊಬ್ಬ ಅನ್ನದ ತಟ್ಟೆ ತಳ್ಳಿ ನಕ್ಕ. "ಆ ಬಟ್ಟಲಿಗೆ ಏನಮ್ಮಾ ಮಂತ್ರ ಹಾಕಿದೀಯ? ಅನ್ನದ ಕಡೆ ನೋಡೋಕೂ ಮನಸ್ಸಿಲ್ಲ."

ಪಥ್ಯದ ಮೇಡಂ ದಿನದ ಪಾಠ ಒಪ್ಪಿಸಿದರು. "ಮಂತ್ರ ಅಲ್ಲ ಸರ್, ಪ್ರೋಟೀನ್. ಅದು ಕರುಳು ಮುಟ್ಟಿದ್ರೆ ಅಲ್ಲಿಂದ ಹಾರ್ಮೋನ್ ಹೊರಟು ಮಿದುಳಿಗೆ ಸಾಕು ಅಂತ ಹೇಳುತ್ತೆ. ಅದಕ್ಕೇ ಮೊದಲು ಕೊಡೋದು."

ಕೇಳಿ ಕೇಳಿ ಕಿವಿ ತೂತಾಗಿದ್ದ ಮಾತು. ಇವತ್ತು ಅಕ್ಕನ ಸೌಟು ಅರ್ಧದಲ್ಲೇ ನಿಂತಿತು.

"ಕಾಯಿಲೆಯವರಿಗೆ, ಮೇಡಂ?"

"ಅವರಿಗೂ ಬೇಕು. ಆದ್ರೆ ಹಸಿವೇ ಸತ್ತಿರೋರಿಗೆ ಮೊದಲೇ ಅದನ್ನ ಸುರಿದ್ರೆ ಮುಗೀತು. ಅನ್ನ, ಬೆಣ್ಣೆ ಜೊತೆ ಚೂರು ಚೂರೇ ಕೊಡ್ಬೇಕು."

ಅಯ್ಯೋ, ಹಟವೆಲ್ಲಿ ಬಂತು! ಕರುಳು ಹೇಳಿದ್ದನ್ನೇ ಪಾಪ ಹುಡುಗ ಬಾಯಲ್ಲಿ ಹೇಳಿದ್ದ. ಉಳಿಸಬೇಕೆಂದು ತಿನ್ನಿಸಿದವಳೇ ಅವನ ಊಟ ನಿಲ್ಲಿಸಿದ್ದಳು. ತನ್ನ ಕೈಯ ಮೇಲೆ ಅವಳಿಗೆ ಅಸಹ್ಯ ಹುಟ್ಟಿತು.

ಸೌಟು ಬಿಟ್ಟು ಮನೆಗೆ ಓಡಿದಳು. ಮೆತ್ತನೆಯ ಅನ್ನಕ್ಕೆ ಬೆಣ್ಣೆ, ಸಕ್ಕರೆ ಕಲಸಿ ತಮ್ಮನ ಮುಂದಿಟ್ಟಳು. ಅವನು ನಿಧಾನವಾಗಿ, ಬಟ್ಟಲು ಬಳಿದು ತಿಂದ.

"ಇನ್ನೂ ಸ್ವಲ್ಪ ಹಾಕು ಅಕ್ಕ," ಎಂದು ಬಟ್ಟಲು ಚಾಚಿದ. "ಹೀಗೆ ತಿಂದ್ರೆ ತೂಕ ಬರುತ್ತೆ ಅಲ್ವಾ? ಆಪರೇಷನ್ ಮಾಡ್ತಾರೆ ಅಲ್ವಾ?"

"ಹೂಂ ಕಣೋ," ಎಂದು ಅಕ್ಕ ಬಟ್ಟಲು ತುಂಬಿಸಿದಳು.