ಬಿಸಿಲಪ್ಪನ ಕೆನ್ನೆ

ಸಿನಿಮಾದ ಜನ ಅವರನ್ನು ಹೆತ್ತವರಿಟ್ಟ ಹೆಸರಿನಿಂದ ಕರೆದದ್ದೇ ಇಲ್ಲ. ಎಲ್ಲರಿಗೂ ಅವರು ಬಿಸಿಲಪ್ಪ. ಮೋಡ ಕವಿದ ದಿನವೂ ಕಿಟಕಿಯಾಚೆ ದೀಪ ಇಟ್ಟು ಕೋಣೆಯೊಳಗೆ ಮಟಮಟ ಮಧ್ಯಾಹ್ನ ತರುವ ಲೈಟ್ ಮಾಸ್ಟರಿಗೆ ಬೇರೆ ಯಾವ ಹೆಸರು ಒಪ್ಪೀತು?

ಅವರ ಕೆಲಸದ ರೀತಿಯೇ ಬೇರೆ. ಉಳಿದವರು ಮೀಟರ್ ಹಿಡಿದು ಬೆಳಕು ಅಳೆದರೆ, ಇವರು ನಟರ ಕುರ್ಚಿಯಲ್ಲಿ ತಾವೇ ಕೂತು ಕಣ್ಣು ಮುಚ್ಚುತ್ತಿದ್ದರು. ದೀಪಗಳ ಕಾವು ಯಾವ ಕೆನ್ನೆಗೆ ಎಷ್ಟು ತಾಗಿತು ಎಂಬುದರ ಮೇಲೆ ಲೆಕ್ಕ. ಬಲಗೆನ್ನೆ ಚುರುಗುಟ್ಟಬೇಕು, ಎಡಗೆನ್ನೆ ಬೆಚ್ಚಗಾದರೆ ಸಾಕು. ಕುರ್ಚಿ ಸಿಕ್ಕಿದ್ದೇ ತಡ ಮಾಸ್ಟರ್ ನಿದ್ದೆ ಹೊಡೆಯುತ್ತಾರೆ ಎಂದು ಲೈಟಿನವರು ನಗುತ್ತಿದ್ದರು. ನಗಲಿ ಬಿಡಿ. ಈಚೆಗೆ ಮಾಸ್ಟರ ಮಾನ ಕಾಪಾಡುತ್ತಿದ್ದದ್ದೇ ಆ ಕೆನ್ನೆಗಳು. ಕಣ್ಣಿಗೆ ಪೊರೆ ಬಂದಿತ್ತು. ಎದುರಿಗಿದ್ದವರ ಮುಖ ಹಾಲಿನೊಳಗೆ ಅದ್ದಿ ತೆಗೆದಂತೆ ಕಾಣುತ್ತಿತ್ತು.

ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿ ಆಗಿತ್ತು. ಆದರೆ ಜೀವಮಾನವಿಡೀ ಕಂಡವರ ಮುಖಕ್ಕೆಲ್ಲ ಲೈಟು ಬಿಟ್ಟ ಮನುಷ್ಯನಿಗೆ, ಡಾಕ್ಟರ ಲೈಟಿನ ಕೆಳಗೆ ಕಣ್ಣು ತೆರೆದು ಮಲಗುವುದೆಂದರೆ ಜೀವ ಬಾಯಿಗೆ ಬರುತ್ತಿತ್ತು. ಶುದ್ಧ ಪುಕ್ಕಲು. ಈ ಚಿತ್ರ ಮುಗಿಯಲಿ ಎಂದು ಮುಂದೂಡುತ್ತ, ವಿಷಯವನ್ನು ಮಗಳಿಂದಲೂ ಮುಚ್ಚಿಟ್ಟಿದ್ದರು.

ಚಿತ್ರವೂ ಎಂಥದ್ದು? ಕ್ಯಾಮೆರಾ ಮಗಳದ್ದೇ. ಮೊದಲ ಸಲ ಸ್ವತಂತ್ರವಾಗಿ ಕ್ಯಾಮೆರಾ ಹಿಡಿದವಳು, ನಿರ್ಮಾಪಕರು ಮುಖ ಸಿಂಡರಿಸಿದರೂ, ಲೈಟಿಗೆ ಅಪ್ಪನೇ ಬೇಕೆಂದು ಪಟ್ಟು ಹಿಡಿದಿದ್ದಳು. ಅಪ್ಪ ಎಡವಿದರೆ ಮಾತು ಬರುವುದು ಅವಳಿಗೆ. ಇವತ್ತಿನ ದೃಶ್ಯವೊಂದನ್ನು ದಾಟಿಸಿಯೇ ತೀರಬೇಕೆಂದು ಬಿಸಿಲಪ್ಪ ಹಲ್ಲು ಕಚ್ಚಿಕೊಂಡು ಬಂದಿದ್ದರು.

ಮನೆ ಬಿಟ್ಟುಹೋದ ತಂಗಿಗಾಗಿ ಅಕ್ಕ ಕಿಟಕಿಯ ಪಕ್ಕ ಕೂತು ಕಾಯುವ ದೃಶ್ಯ. ಒಂದು ಮಾತೂ ಇಲ್ಲ. ಅರ್ಧ ಮುಖಕ್ಕೆ ಬಿಸಿಲು, ಅರ್ಧಕ್ಕೆ ಕತ್ತಲು. ಕತ್ತಲ ಕಡೆಯ ಕಣ್ಣಲ್ಲಿ ಒಂದೇ ಒಂದು ಮಿಣುಕು. ಅದು ಬರದಿದ್ದರೆ ದೃಶ್ಯ ಸತ್ತಂತೆ.

ಲಾರಿಯಿಂದ ಇಳಿದ ದೀಪಗಳನ್ನು ಮುಟ್ಟಿದಾಗಲೇ ಅವರ ಎದೆ ಧಸಕ್ಕೆಂದಿತು. ಎಲ್ಲವೂ ಎಲ್‌ಇಡಿ. ಹಲಗೆಯಂತೆ ಚಪ್ಪಟೆ, ಎಷ್ಟು ಉರಿದರೂ ಮುಂದೆ ಕೂತವರಿಗೆ ಕಾವಿಲ್ಲ. ಹಳೆಯವು ಎಲ್ಲಿ ಎಂದು ಕೇಳಿದರೆ, ಗುಜರಿಗೆ ಹೋದವು ಎಂದರು.

ಆದರೂ ಬಿಸಿಲಪ್ಪ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ, ಕಿಟಕಿಯ ದೀಪವನ್ನು ಎಡಕ್ಕೆ ತಿರುಗಿಸಿ, ಇನ್ನಷ್ಟು ಎತ್ತಿ ಎಂದು ಅಭ್ಯಾಸಬಲದಿಂದ ಹೇಳುತ್ತ ಹೋದರು. ಸ್ವಲ್ಪ ಹೊತ್ತಿಗೆ ಬಲಗೆನ್ನೆಗೆ ಹಿತವಾದ ಬಿಸಿ ತಾಗಿತು. ಹೊಸ ದೀಪವೂ ಪರವಾಗಿಲ್ಲವಲ್ಲ ಎಂದು ಅವರಿಗೆ ಹೋದ ಜೀವ ಬಂದಂತಾಯಿತು.

"ಹಾಂ, ಇದೇ ಬೆಳಕು. ಯಾರೂ ಅಲ್ಲಾಡಿಸಬೇಡಿ," ಎಂದರು.

ಆ ದೀಪ ಇನ್ನೂ ಹೊತ್ತಿಯೇ ಇರಲಿಲ್ಲ. ಕೇಬಲ್ ಸಾಲದೆ, ಒಬ್ಬ ಇನ್ನೊಂದನ್ನು ತರಲು ಹೋಗಿದ್ದ. ಕೆನ್ನೆಗೆ ತಾಗಿದ್ದು ಸೆಟ್ಟಿನ ಗೋಡೆಯ ಹಿಂದೆ, ಕಿಟಕಿಯ ಬುಡದಲ್ಲೇ ಯಾರೋ ತಂದಿಟ್ಟಿದ್ದ ಟೀ ಬಾಯ್ಲರಿನ ಹಬೆ.

ಯಾರೋ ಕಿಸಕ್ಕೆಂದರು. ಮಗಳು ಕ್ಯಾಮೆರಾ ಬಿಟ್ಟು ಬಂದು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೆಲಸದ ಜಾಗದಲ್ಲಿ ಅವಳಿಗೆ ಅವರು ಮಾಸ್ಟರ್, ಅವರಿಗೆ ಅವಳು ಮೇಡಂ. ಇವತ್ತು ಅದೆಲ್ಲ ಮರೆತುಹೋಯಿತು.

"ಅಪ್ಪಾ, ಇದು ಎಷ್ಟು ಬೆರಳು?"

"ಬೆರಳು ತೋರಿಸ್ತಿದ್ದೀಯಾ?" ಎಂದುಬಿಟ್ಟರು ಬಿಸಿಲಪ್ಪ.

ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ನನಗೂ ಹೇಳಬಾರದೆ ಎಂದು ಕೇಳಿದಳು. ಅವರು ತಗ್ಗಿದ ದನಿಯಲ್ಲಿ ಎಲ್ಲ ಹೇಳಿದರು, ಡಾಕ್ಟರ ಲೈಟಿನ ಭಯವನ್ನೂ ಸೇರಿಸಿ. ಆಮೇಲೆ ಎದ್ದು ನಿಂತರು. ಮನೆಗೆ ಹೊರಟರು ಎಂದೇ ಎಲ್ಲರೂ ಅಂದುಕೊಂಡರು.

"ನನ್ನ ಕಣ್ಣು ಮಂಜಾಗಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಮುಚ್ಚಿಟ್ಟಿದ್ದು ನಾನು, ಮಗಳಿಗೆ ಗೊತ್ತಿರಲಿಲ್ಲ. ಈ ದೃಶ್ಯ ಮುಗಿಸದೆ ನಾನು ಇಲ್ಲಿಂದ ಕದಲಲ್ಲ. ನಗೋದಿದ್ರೆ ಆಮೇಲೆ ನಗಿ."

ನಿರ್ದೇಶಕರು ಊಟದ ಬಿಡುವಿನವರೆಗೆ ಸಮಯ ಕೊಟ್ಟರು. ಅಷ್ಟರೊಳಗೆ ಆಗದಿದ್ದರೆ ಬೇರೆ ಮಾಸ್ಟರು, ಬೇಕಾದರೆ ಬೇರೆ ಕ್ಯಾಮೆರಾದವರು ಎಂದು ಮುಲಾಜಿಲ್ಲದೆ ಹೇಳಿದರು.

ಅಕ್ಕನ ಪಾತ್ರದ ನಟಿ ತಾವೇ ಬಂದು ಕುರ್ಚಿಯಲ್ಲಿ ಕೂತರು. ಮೂಗಿನ ನೆರಳು ಎಲ್ಲಿಗೆ ಬಿತ್ತು ಎಂದು ಬಿಸಿಲಪ್ಪ ಕೇಳುವರು. ತುಟಿ ದಾಟಿ ಗಲ್ಲಕ್ಕೆ ಇಳಿಯಿತು ಎಂದು ಮಗಳು ಹೇಳಿದರೆ, ದೀಪ ತಗ್ಗಿಸಿ ಎನ್ನುವರು. ನೆರಳಿನ ಅಂಚು ಮಸುಕು ಎಂದರೆ, ದೀಪ ದೂರಕ್ಕೆ ಒಯ್ಯಿರಿ ಎನ್ನುವರು. ಒಮ್ಮೆ ಅವಳು ಚೆನ್ನಾಗಿದೆ ಎಂದಷ್ಟೇ ಹೇಳಿದ್ದಕ್ಕೆ, ಚೆನ್ನಾಗಿರುವುದು ಎಲ್ಲಿ, ಕಿವಿಯ ಹತ್ತಿರವೋ ಹುಬ್ಬಿನ ಹತ್ತಿರವೋ ಎಂದು ರೇಗಿದರು. ಅವಳೂ ತಿರುಗಿ ರೇಗಿದಳು. ಆದರೆ ಆಮೇಲೆ ಸರಿಯಾಗಿ ನೋಡಿ ಹೇಳಿದಳು.

ಎಲ್ಲ ಕೂಡಿಬಂದರೂ ಕಣ್ಣಿನ ಮಿಣುಕು ಮಾತ್ರ ಬರಲೊಲ್ಲದು. ಬಿಳಿ ಥರ್ಮಾಕೋಲ್ ಹಲಗೆಯನ್ನು ಅಲ್ಲಿಟ್ಟರು, ಇಲ್ಲಿಟ್ಟರು, ಬೆಳಕು ಪುಟಿದು ಕೆನ್ನೆಗೇ ಹೋಯಿತು. ಊಟದ ಹೊತ್ತು ಹತ್ತಿರವಾಗುತ್ತಿತ್ತು. ಕೊನೆಗೆ ಬಿಸಿಲಪ್ಪ ಹಲಗೆಯನ್ನು ಕಿತ್ತುಕೊಂಡು ನಟಿಯ ಮೊಣಕಾಲ ಬಳಿ ನೆಲಕ್ಕೆ ಕೂತರು. ಮಗಳು ಹೇಳುವುದಕ್ಕೆ ಕಾಯಲಿಲ್ಲ, ಕುರ್ಚಿಯಲ್ಲಿ ಕೂತವರನ್ನೇ ಕೇಳಿದರು: "ತಾಯೀ, ಈ ಹಲಗೆ ಯಾವಾಗ ನಿಮ್ಮ ಕಣ್ಣಿಗೆ ಬೆಳ್ಳಗೆ ಹೊಳೆಯುತ್ತೋ ಆಗ ಹೇಳಿ."

ಹಲಗೆಯನ್ನು ಕೂದಲೆಳೆಯಷ್ಟು ಬಾಗಿಸುತ್ತ ಹೋದರು. "ಈಗ ಹೊಳೀತು," ಎಂದರು ನಟಿ. ಆ ಕ್ಷಣವೇ ಕ್ಯಾಮೆರಾದ ಹಿಂದಿನಿಂದ ಮಗಳ ದನಿ ಬಂತು: "ಬಂತು ಅಪ್ಪ. ಬಿಡಬೇಡ."

ಅವರು ಬಿಡಲಿಲ್ಲ. ತೋಳು ನಡುಗಿತು, ಸೊಂಟ ಹಿಡಿದುಕೊಂಡಿತು, ಬೆವರು ಕಣ್ಣಿಗಿಳಿಯಿತು. ಕಟ್ ಎನ್ನುವವರೆಗೆ ಕಲ್ಲಿನಂತೆ ಕೂತರು. ನಿರ್ದೇಶಕರು ಮಾನಿಟರಿನಲ್ಲಿ ಎರಡು ಸಲ ನೋಡಿ, ಊಟಕ್ಕೆ ನಡೆಯಿರಿ ಎಂದರು. ಅಲ್ಲಿಗೆ ದೃಶ್ಯ ದಾಟಿದಂತೆಯೇ.

ಮಗಳು ಕೈ ಹಿಡಿದು ಎಬ್ಬಿಸಿದಳು. "ನಾಳೆನೇ ಆಸ್ಪತ್ರೆಗೆ. ನೆಪ ಹೇಳೋ ಹಾಗಿಲ್ಲ."

ಬಿಸಿಲಪ್ಪ ಥರ್ಮಾಕೋಲಿನ ಪುಡಿ ಕೊಡವಿಕೊಂಡರು. ಡಾಕ್ಟರ ಲೈಟಿನ ಭಯ ಇನ್ನೂ ಹೋಗಿರಲಿಲ್ಲ. ಆದರೂ ಬರುತ್ತೇನೆ ಎಂದರು. ಪಕ್ಕದಲ್ಲಿ ನಿಂತು ಬೆಳಕು ಎಲ್ಲೆಲ್ಲಿ ಬಿತ್ತು ಅಂತ ಹೇಳುತ್ತೀಯಾ ಎಂದು ಕೇಳಿದರು. ಆಪರೇಷನ್ ಕೋಣೆಯೊಳಗೆ ನನ್ನನ್ನು ಬಿಡುವುದಿಲ್ಲ ಎಂದಳು.

ಅವರು ನಟಿ ಕೂತಿದ್ದ ಕುರ್ಚಿಯ ಬೆನ್ನು ಸವರಿದರು.

"ಸರಿ ಬಿಡು. ಈ ಸಲ ಲೈಟು ನನ್ನ ಕಣ್ಣಿಗೇ ತಾನೆ? ಹೊಳೆದಾಗ ನಾನೇ ಹೇಳ್ತೀನಿ."