ತಮ್ಮನಿಗೆ ಕೊಟ್ಟ ವಿಳಾಸ

ಗಂಡನ ಮನೆ ಬಿಟ್ಟು ಬಂದ ಮೇಲೆ ಸುಮಿತಾ ತನ್ನ ನಿಜವಾದ ಇಮೇಲ್ ವಿಳಾಸವನ್ನು ಯಾರಿಗೂ ಕೊಡುತ್ತಿರಲಿಲ್ಲ. ಬಂಗಾರಪೇಟೆಯ ರಕ್ತಪರೀಕ್ಷೆ ಲ್ಯಾಬೊಂದರಲ್ಲಿ ಅವಳಿಗೆ ಕೆಲಸ. ಕೆಜಿಎಫ್‌ನ ಮೈಸೂರು ಮೈನ್ಸ್‌ನಲ್ಲಿ ಕದಿರಮ್ಮನವರ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ ವಾಸ. ಜೊತೆಗೆ ಕೆಲಸ ಮಾಡುವ ಶ್ಯಾಮಲ ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಿದ್ದಳು. ಕೇಳಿದಾಗಲೆಲ್ಲ ಅದು ಹೊಸದೊಂದು ವಿಳಾಸ ಕೊಡುತ್ತಿತ್ತು. ಅಲ್ಲಿಗೆ ಬಂದ ಮೇಲ್ ಸುಮಿತಾಳ ನಿಜವಾದ ಇಮೇಲಿಗೆ ಬಂದು ಸೇರುತ್ತಿತ್ತು, ಆದರೆ ಕಳಿಸಿದವರಿಗೆ ಅದು ಯಾವುದೆಂದು ತಿಳಿಯುತ್ತಿರಲಿಲ್ಲ. ಬೇಡವೆನಿಸಿದರೆ ಆ ಒಂದನ್ನು ಮಾತ್ರ ಮುಚ್ಚಿಬಿಡಬಹುದಿತ್ತು.

ಮೊದಲು ಅಂಗಡಿಗಳಿಗಷ್ಟೇ ಹಾಗೆ ಕೊಟ್ಟಳು. ಮಿಕ್ಸಿ ಕೊಂಡ ಅಂಗಡಿಗೆ ಕೊಟ್ಟಿದ್ದ ವಿಳಾಸಕ್ಕೆ ಸೈಟು, ಸಾಲ, ಕೂದಲೆಣ್ಣೆಯ ಜಾಹೀರಾತುಗಳು ಸುರಿಯತೊಡಗಿದಾಗ, ವಿಳಾಸ ಮಾರಿಕೊಂಡವರು ಯಾರೆಂದು ಹುಡುಕಬೇಕಾಗಿರಲಿಲ್ಲ. ಆಮೇಲೆ ಮನುಷ್ಯರಿಗೂ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟಳು. ತವರೂರು ಬೂದಿಕೋಟೆಯಲ್ಲಿದ್ದ ತಮ್ಮ ಅಂಬರೀಶನಿಗೂ. ಫೋನ್ ನಂಬರನ್ನಂತೂ ಅವನಿಗೂ ಕೊಟ್ಟಿರಲಿಲ್ಲ.

ಒಂದು ಶನಿವಾರ ಊಟದ ಹೊತ್ತಿಗೆ ಗಂಡ ಚಲಪತಿಯ ಮೇಲ್ ಬಂತು. ‘ನೀನಾಗಿ ಬರುತ್ತೀಯೋ, ನಾನೇ ಬಂದು ಕರೆದುಕೊಂಡು ಹೋಗಲೋ?’ ಅವನು ಬರೆದಿದ್ದು ಅಂಬರೀಶನಿಗೆ ಕೊಟ್ಟಿದ್ದ ವಿಳಾಸಕ್ಕೆ.

ಡಬ್ಬಿ ಮುಚ್ಚಿಟ್ಟಳು. ಸಂಜೆ ಮನೆಗೆ ಹೋಗುವ ರೈಲಿನಲ್ಲಿ ಎದುರು ಕೂತವನು ಫೋನ್ ಎತ್ತಿ ಹಿಡಿದಾಗ ತನ್ನ ಫೋಟೋ ತೆಗೆಯುತ್ತಿದ್ದಾನೆ ಅನ್ನಿಸಿ, ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು.

ಭಾನುವಾರ ಬೆಳಗ್ಗೆ ಬೂದಿಕೋಟೆಯ ಬಸ್ಸು ಹತ್ತಿದಳು. ಅಂಬರೀಶ ಕೊಟ್ಟಿಗೆಯಲ್ಲಿ ಹಸುವಿಗೆ ಬೂಸಾ ಕಲಸುತ್ತಿದ್ದ.

“ಅವನಿಗೆ ನನ್ ಅಡ್ರೆಸ್ ಯಾಕ್ ಕೊಟ್ಟೆ?”

“ಯಾರಿಗಕ್ಕ? ಯಾವ್ ಅಡ್ರೆಸ್ಸು?”

“ನಿನ್ನೊಬ್ಬನಿಗೇ ಕೊಟ್ಟಿದ್ದು ಕಣ್ಲಾ ಅದು. ಇನ್ಯಾರತ್ರಾನೂ ಇಲ್ಲ.”

ಅಂಬರೀಶನ ಮುಖ ಕೆಂಪಾಯಿತು. “ಅವ್ನು ನಿನ್ ಕೈ ಮುರ್ದಾಗ ಆಸ್ಪತ್ರೆಗೆ ಕರ್ಕೊಂಡ್ ಓದೋನು ನಾನು. ನಾನ್ ಕೊಡ್ತೀನಾ?”

ಅವಳು ನಂಬಲಿಲ್ಲ. ಒಳಗೆ ಹೋದಾಗ ಫ್ರಿಜ್ಜಿನ ಮೇಲೆ ಸೇಬಿನ ಕವರ್ ಕಾಣಿಸಿತು. ಅದರ ಮೇಲೆ ಚಲಪತಿಯ ಊರಾದ ಮುಳಬಾಗಿಲಿನ ಅಂಗಡಿಯ ಹೆಸರು. ತಮ್ಮನ ಹೆಂಡತಿ ನವ್ಯ ನೀರು ತಂದುಕೊಟ್ಟವಳು ತಲೆ ಎತ್ತಲಿಲ್ಲ. ಇವಳೋ? ಇಬ್ಬರೂ ಸೇರಿಯೋ?

“ನವ್ಯ, ಈ ಅಣ್ಣು ತಂದಿದ್ ಯಾರು?”

ಅವಳು ಮಾವನ ಕಡೆ ನೋಡಿದಳು. ಮೂಲೆಯಲ್ಲಿ ಕೂತಿದ್ದ ಸುಮಿತಾಳ ಅಪ್ಪ ಮುನಿಸ್ವಾಮಪ್ಪ ಕೆಮ್ಮಿದರು.

“ಅವ್ರನ್ನ ಅನ್ಬ್ಯಾಡಮ್ಮ. ಕೊಟ್ಟೋನು ನಾನು. ಅಂಬರೀಶ ಡೈರಿಗೆ ಆಲು ಆಕಕ್ಕೆ ಓಗಿದ್ದ, ಫೋನು ಚಾರ್ಜಿಗಿತ್ತು. ಅಳಿಯ ಬಂದು ಕಾಲಿಡ್ಕೊಂಡು ಅತ್ತ. ನೋಡ್ಕೊಳಪ್ಪ ಅಂತ ಫೋನ್ ಕೊಟ್ಟೆ. ಸಂಸಾರ ಒಂದಾಗ್ಲಿ ಅಂತ.”

“ಎಲ್ಲಿದೀನಿ ಅಂತಾನೂ ಏಳಿದ್ಯಾ?”

“ಬಂಗಾರಪೇಟೆ ಕಡೆ ಲ್ಯಾಬಲ್ಲಿ ಅಂದೆ. ಅಷ್ಟೇ.”

ಸುಮಿತಾ ನೀರಿನ ಲೋಟವನ್ನು ಹಾಗೇ ಕೆಳಗಿಟ್ಟಳು. ಹೊರಡುವಾಗ ಅಂಬರೀಶ ಬಸ್‌ಸ್ಟಾಪಿನವರೆಗೂ ಬಂದ.

“ತಪ್ ತಿಳ್ಕೊಂಡೆ ಕಣೋ,” ಅಂದಳು.

“ಈಗ್ಲಾದ್ರೂ ನಂಬ್ತೀಯಾ?”

ಬಸ್ಸು ಬಂತು. ಹತ್ತಿದಳು. ಬಸ್ಸಿನಲ್ಲೇ ಆ ವಿಳಾಸ ಮುಚ್ಚಿದಳು.

ಮರುದಿನ ಚಲಪತಿಯ ಮೇಲನ್ನು ತೋರಿಸಿ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಳು. ಲ್ಯಾಬಿನ ಮಾಲೀಕ ಶ್ರೀನಿವಾಸಪ್ಪನವರಿಗೂ ಎಲ್ಲ ಹೇಳಿದಳು. ಅವರು ಅವಳನ್ನು ಕೆಜಿಎಫ್‌ನ ಶಾಖೆಗೆ ಕಳಿಸಿದರು. ಆ ವಾರವೇ ಚಲಪತಿ ಬಂಗಾರಪೇಟೆಯ ಲ್ಯಾಬುಗಳಲ್ಲಿ ವಿಚಾರಿಸುತ್ತಾ ಬಂದ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲವೆಂದು ಶ್ಯಾಮಲ ಅವನನ್ನು ಕಳಿಸಿಬಿಟ್ಟಳು. ಪೊಲೀಸರು ಠಾಣೆಗೆ ಕರೆಸಿ ಎಚ್ಚರಿಕೆ ಕೊಟ್ಟ ಮೇಲೆ ಅವನು ಆ ಕಡೆ ಸುಳಿಯಲಿಲ್ಲ.

ಕೆಲವು ತಿಂಗಳ ನಂತರ ಸುಮಿತಾ ತಮ್ಮನಿಗೆ ಹೊಸ ವಿಳಾಸ ಕೊಟ್ಟಳು, ಅವನ ಫೋನಿಗೆ ಲಾಕ್ ಹಾಕಿಸಿದ ಮೇಲೆ. ಅದಕ್ಕೆ ಬಂದ ಮೊದಲ ಮೇಲ್‌ನಲ್ಲಿ ಆಗತಾನೇ ಹುಟ್ಟಿದ ಕರುವಿನ ಫೋಟೋ ಇತ್ತು. ಅದನ್ನು ನೋಡಿ ನಗು ಬಂದರೂ, ಲ್ಯಾಬಿನ ಫೋನಿನಿಂದ ಅವನಿಗೆ ಕರೆ ಮಾಡಿದಳು.

“ಫೋಟೋ ಕಳ್ಸಿದ್ದು ನೀನೇನಾ?”

“ನಾನೇ ಕಣಕ್ಕ.”

“ಯಾವ ಹಸೂದು?”

“ಅದೇ, ಒದೆಯೋದು,” ಎಂದ ಅಂಬರೀಶ. ಅಕ್ಕ ಹೀಗೆ ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ.