ಮುಂದಿನ ಕೋಣೆಗೆ ಬಂದವರು

ನಾಚಿಯಮ್ಮ ಜಗಲಿಯ ಮೇಲೆ ರಾಟೆ ಹಾಕಿಕೊಂಡು ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಎದುರಿಗೆ ಗೋಡೆಗೊರಗಿ ಕೂತಿದ್ದ ಮೇರಿ ಸಿಕ್ಕಾದ ನೂಲನ್ನು ಮಡಿಲಲ್ಲಿ ಹಾಕಿಕೊಂಡು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಅವಳು ಆಗ ಏಳು ತಿಂಗಳ ಬಸುರಿ. ಮೇ ತಿಂಗಳ ಬಿಸಿಲು ಇನ್ನೂ ಬೀದಿಗೆ ಇಳಿದಿರಲಿಲ್ಲ.

"ಸಾಕು ಬಿಡವ್ವಾ, ಬೆನ್ನು ನೋವು ಅಂತಿದ್ದೆ. ಒಳಗೆ ಹೋಗಿ ಮಲಿಕೋ."

"ಮಲಗಿದ್ರೆ ಇನ್ನೂ ಜಾಸ್ತಿ ಆಗ್ತದೆ ಅತ್ತೆ. ನಿಮ್ಮ ಹತ್ರ ಕೂತ್ರೆ ನೋವೇ ಗೊತ್ತಾಗಲ್ಲ."

ನಾಚಿಯಮ್ಮನಿಗೆ ಇಂಥ ಮಾತು ಕೇಳಿಯೇ ವರ್ಷಗಳಾಗಿದ್ದವು. ಗಂಡ ರಾಮಲಿಂಗಂ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ತಮಿಳು ಸೀಮೆಯ ಪೋತ್ತನೂರಿಗೆ ಹತ್ತಿರದ ಆ ನೇಕಾರರ ಬೀದಿಯಲ್ಲಿ ಮೈದುನ ಸೋಮಸುಂದರಂನ ಮಗ್ಗಗಳಿಗೆ ನೂಲು ಸುತ್ತಿಕೊಟ್ಟು, ಮುಂದಿನ ಕೋಣೆಯನ್ನು ಬಾಡಿಗೆಗೆ ಬಿಟ್ಟು ಅವಳು ಬದುಕುತ್ತಿದ್ದಳು. ಪೊಂಗಲ್ ಕಳೆದ ಮೇಲೆ ಈ ಗಂಡ ಹೆಂಡತಿ ಕೋಣೆ ಕೇಳಿಕೊಂಡು ಬಂದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ನೀವು ತುಲುಕರಲ್ಲ ತಾನೆ?"

ಮುಸಲ್ಮಾನರನ್ನು ಆ ಕಡೆ ಹಾಗೆ ಕರೆಯುತ್ತಾರೆ. ಅವರಿಗೆ ಮನೆ ಕೊಡಬಾರದೆಂದು ಬೀದಿಯ ಹಿರಿಯರು ನಾಲ್ಕು ವರ್ಷದ ಹಿಂದೆ ಚೌಡಮ್ಮನ ಗುಡಿಯಲ್ಲಿ ಕೂತು ಕಟ್ಟುಪಾಡು ಮಾಡಿದ್ದರು. ದಕ್ಷಿಣದ ಯಾವುದೋ ಹಳ್ಳಿಯಲ್ಲಿ ಜನ ಮತ ಬದಲಾಯಿಸಿ ಮುಸಲ್ಮಾನರಾದ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆ ಹಳ್ಳಿಗೂ ಈ ಬೀದಿಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ನಾಚಿಯಮ್ಮನೂ ಕೇಳಲಿಲ್ಲ.

ಆ ಗಂಡಸು ಹೆಂಡತಿಯ ಮುಖ ನೋಡಿ, "ಇಲ್ಲಮ್ಮಾ, ನಾವು ವೇದಕ್ಕಾರರು. ನಾನು ಜೇಕಬ್, ಇವಳು ಮೇರಿ" ಎಂದಿದ್ದ. ಕ್ರೈಸ್ತರಾದರೆ ತಕರಾರಿಲ್ಲ. ಅವನು ಪಂಪುಸೆಟ್ಟು ತಯಾರಿಸುವ ಸಣ್ಣ ಕಾರ್ಖಾನೆ, ಪಟ್ಟರೆಯೊಂದರಲ್ಲಿ ಲೇತ್ ಕೆಲಸದವನು. ಹುಡುಗಿ ತಾಳವಾಡಿ ಕಡೆಯವಳಾದ್ದರಿಂದ ಕನ್ನಡ ಮಾತಾಡುತ್ತಾಳೆ ಎಂದು ಗೊತ್ತಾದ ಕೂಡಲೇ ನಾಚಿಯಮ್ಮ ಬೀಗದ ಕೈ ಕೊಟ್ಟುಬಿಟ್ಟಳು. ಹೊರಗೆಲ್ಲ ತಮಿಳು ಆಡಿ ಆಡಿ, ಮನೆಯೊಳಗೆ ಮನೆಮಾತು ಆಡಲು ಒಂದು ಜೀವ ಸಿಕ್ಕಿತ್ತು. ಏಳನೇ ತಿಂಗಳಿಗೆ ಬಿದ್ದಾಗ ಹುಡುಗಿಯ ತವರಿನಿಂದ ಯಾರೂ ಬರಲಿಲ್ಲವೆಂದು ನಾಚಿಯಮ್ಮನೇ ಬಳೆಗಾರನನ್ನು ಕರೆಸಿ ಎರಡೂ ಕೈ ತುಂಬ ಬಳೆ ತೊಡಿಸಿದ್ದಳು. ತನ್ನ ಮಗಳಿಗೆ ಮಾಡುವ ಹಾಗೆಯೇ ಮಾಡಿದ್ದಳು.

ಮೇರಿ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಮೂಲೆಮನೆಯ ಸ್ಟೆಲ್ಲಾ ಟೀಚರ್ ಮಾರ್ಕೆಟ್ಟಿನಿಂದ ಚೀಲ ಹಿಡಿದು ಬಂದರು. ಪ್ರತಿದಿನದಂತೆ ಜಗಲಿಯ ಬಳಿ ನಿಂತರು. ಅವರದು ತಮಿಳು, ನಾಚಿಯಮ್ಮ ಅವರೊಡನೆ ತಮಿಳಿನಲ್ಲೇ ಮಾತಾಡುತ್ತಿದ್ದಳು.

"ಏನು ಕಠಿಣ ಟೀಚರಮ್ಮಾ ನಿಮ್ಮ ವೇದಕ್ಕಾರರ ನೋಂಬಿನ ಉಪವಾಸ!" ಎಂದಳು ನಾಚಿಯಮ್ಮ ಮೆಚ್ಚಿಗೆಯಿಂದ. "ನಮ್ಮ ಜೇಕಬ್ ಹತ್ತು ದಿನದಿಂದ ಹಗಲು ಹೊತ್ತು ಒಂದು ಗುಟುಕು ನೀರು ಕುಡಿದಿಲ್ಲ. ಲೇತ್ ಮುಂದೆ ನಿಂತು ದುಡಿಯೋ ಗಂಡಸು. ಕೋಳಿ ಕೂಗೋ ಮುಂಚೆ ಉಂಡು ಹೋದ್ರೆ ಆಮೇಲೆ ಸಾಯಂಕಾಲವೇ. ಈಸ್ಟರ್ ನೋಂಬು ಅಂತ ಮೇರಿ ಹೇಳಿದಳು."

ಸ್ಟೆಲ್ಲಾ ಟೀಚರ್ ಚೀಲವನ್ನು ಜಗಲಿಯ ಮೇಲಿಟ್ಟರು. "ಈಸ್ಟರ್ ಮಾರ್ಚಿನಲ್ಲೇ ಮುಗೀತಲ್ಲ ಅಕ್ಕಾ. ನಮ್ಮ ನೋಂಬಿನಲ್ಲಿ ನೀರು ಕುಡೀತೀವಿ." ಸ್ವಲ್ಪ ತಡೆದು, ತಗ್ಗಿದ ದನಿಯಲ್ಲಿ ಹೇಳಿದರು: "ಈಗ ನಡೀತಿರೋದು ರಂಜಾನ್."

ರಾಟೆ ನಿಂತಿತು. ಟೀಚರ್ ಇನ್ನೇನೋ ಹೇಳುತ್ತಿದ್ದರು; ನಾಚಿಯಮ್ಮನಿಗೆ ಕೇಳಿಸಲಿಲ್ಲ. ಅವಳು ಎದ್ದು ನೇರ ಮುಂದಿನ ಕೋಣೆಗೆ ಹೋದಳು.

"ನೀವು ಯಾರು?"

ಮೇರಿ ಚಾಪೆಯ ಮೇಲೆ ಎದ್ದು ಕೂತಳು. ಸುಳ್ಳು ಹೇಳಲು ಅವಳು ಪ್ರಯತ್ನವನ್ನೂ ಮಾಡಲಿಲ್ಲ. "ನಾವು ಮುಸಲ್ಮಾನರು ಅತ್ತೆ."

"ನನ್ನ ಕೈಯಲ್ಲಿ ತಿಂದೆ. ನನ್ನ ಅಡಿಗೆಮನೇಲಿ ಕೂತು ಅತ್ತೆ ಅತ್ತೆ ಅಂದೆ. ನಾಲ್ಕು ತಿಂಗಳಲ್ಲಿ ಒಂದು ದಿನ ನಿಜ ಹೇಳೋಕೆ ಬಾಯಿ ಬರ್ಲಿಲ್ವಾ?"

"ದಿನಾ ಬಾಯಿತನಕ ಬರ್ತಿತ್ತು. ಅಷ್ಟರಲ್ಲಿ ನೀವು ಊಟಕ್ಕೆ ಕರೀತಿದ್ರಿ. ನುಂಗಿಕೊಂಡು ಬಿಡ್ತಿದ್ದೆ."

"ಚೆನ್ನಾಗಿ ನುಂಗಿದೆ."

"ಮೊದಲು ಹೋದ ಮನೆಗಳಲ್ಲೆಲ್ಲ ನಿಜವನ್ನೇ ಹೇಳಿದ್ವಿ ಅತ್ತೆ. ಒಬ್ಬರು ಕದ ಹಾಕಿಕೊಂಡ್ರು, ಒಬ್ಬರು ನಕ್ಕು ಕಳಿಸಿದ್ರು. ಪೋತ್ತನೂರು ಸ್ಟೇಷನ್ನಿನಲ್ಲಿ ಒಂದು ವಾರ ಮಲಗಿದ್ವಿ. ನನಗೆ ಆಗ ಮೂರು ತಿಂಗಳು, ಏನು ತಿಂದ್ರೂ ವಾಂತಿ. ನಿಮ್ಮ ಬಾಗಿಲಿಗೆ ಬಂದಾಗ ಅವರು ಹಾಗೆ ಅಂದುಬಿಟ್ರು." ಹುಡುಗಿ ಕಣ್ಣೆತ್ತಿ ನೋಡಿದಳು. "ನಿಜ ಹೇಳಿದ್ರೆ ಕೊಡ್ತಿದ್ರಾ?"

ನಾಚಿಯಮ್ಮ ನೇರ ಮನಸ್ಸಿನ ಹೆಂಗಸು. "ಕೊಡ್ತಿರಲಿಲ್ಲ," ಎಂದಳು. "ಆದ್ರೂ ಹೇಳಬೇಕಾಗಿತ್ತು."

ಮೇರಿ ತುಟಿ ಕಚ್ಚಿಕೊಂಡು ಕೈಯ ಬಳೆಗಳನ್ನು ಒಂದೊಂದಾಗಿ ತೆಗೆಯಲು ಹೊರಟಳು.

"ತೆಗೀಬೇಡ!" ನಾಚಿಯಮ್ಮ ಗದರಿದಳು. "ಬಸುರಿ ಹೆಂಗಸು ಕೈಬಳೆ ಕಳೀತಾರಾ? ಬುದ್ಧಿ ಬೇಡವಾ ನಿನಗೆ? ಈ ತಿಂಗಳು ಮುಗಿದ ಮೇಲೆ ಮನೆ ಬಿಡಿ, ಅಷ್ಟೇ."

ಕೋಪ ಅಲ್ಲಿಗೇ ಇಳಿದಿದ್ದರೆ ಚೆನ್ನಾಗಿತ್ತು. ಆದರೆ ಮೋಸಹೋದವರಿಗೆ ಅದನ್ನು ಯಾರ ಮುಂದಾದರೂ ಹೇಳಿಕೊಳ್ಳದೆ ಸಮಾಧಾನವಿಲ್ಲ. ನಾಚಿಯಮ್ಮ ಸೋಮಸುಂದರಂನ ಮನೆಗೆ ಹೋಗಿ ಅವನ ಹೆಂಡತಿ ರುಕ್ಮಣಿಯ ಮುಂದೆ ಕೂತು ಅತ್ತಳು. ಅಳುತ್ತಾ ಎಲ್ಲವನ್ನೂ ಹೇಳಿಬಿಟ್ಟಳು. ರುಕ್ಮಣಿ ಸೆರಗಿನಿಂದ ಅವಳ ಕಣ್ಣೊರೆಸಿದಳು, ಕಾಫಿ ಕೊಟ್ಟಳು, "ಯಾರಿಗೂ ಹೇಳಲ್ಲ ಅಕ್ಕಾ" ಎಂದಳು. ನಾಚಿಯಮ್ಮ ಮನೆ ಸೇರುವ ಮುಂಚೆ ಸುದ್ದಿ ಗುಡಿಯ ತನಕ ಹೋಗಿತ್ತು.

ಮೂರು ಗಂಟೆಯ ಸುಮಾರಿಗೆ ಸ್ಟೆಲ್ಲಾ ಟೀಚರ್ ಮತ್ತೆ ಬಂದರು. ಅವರ ಮುಖವೂ ಬಾಡಿತ್ತು.

"ನನಗೂ ನೋವಾಗಿದೆ ಅಕ್ಕಾ. ಅವರು ಅಡಗಿಕೊಳ್ಳೋಕೆ ನಮ್ಮ ಹೆಸರು ಹಾಕಿಕೊಂಡರಲ್ಲ. ಹೆರಿಗೆ ಸುಖವಾಗಿ ಆಗಲಿ ಅಂತ ಆ ಹುಡುಗಿಗೆ ಮಾತೆಯ ಜಪಮಾಲೆ ಕೊಟ್ಟಿದ್ದೆ. ಕಣ್ಣಿಗೊತ್ತಿಕೊಂಡು ಇಸ್ಕೊಂಡಳು. ಅದೂ ನಾಟಕವೇ ಅಂತ ಬೆಳಿಗ್ಗೆಯಿಂದ ಕುದೀತಿದ್ದೆ." ಅವರು ನಿಟ್ಟುಸಿರು ಬಿಟ್ಟರು. "ಆದರೆ ಮೇರಿಮಾತೆ ಅವರ ಕುರಾನಿನಲ್ಲೂ ಇದ್ದಾಳೆ. ತುಂಬಾ ಗೌರವ ಅವಳಿಗೆ. ಅದಕ್ಕೇ ನಾಟಕವೋ ನಿಜವೋ ಅಂತ ಈಗ ನನಗೇ ಗೊತ್ತಾಗ್ತಿಲ್ಲ."

"ಇವರಿಗಿಂತ ಮುಂಚೆ ನಮ್ಮ ಎಲಿಯಾಸ್ ಸಾರ್ ಇದೇ ಕೋಣೇಲಿ ಹನ್ನೊಂದು ವರ್ಷ ಇದ್ರು," ಎಂದಳು ನಾಚಿಯಮ್ಮ. ಅವಳಿಗೆ ಈಗ ನಂಬಲು ಒಬ್ಬ ಮನುಷ್ಯನಾದರೂ ಬೇಕಾಗಿತ್ತು. "ಕೊಚ್ಚಿಯವರು, ರೈಲ್ವೆ ಸ್ಟೋರಿನಲ್ಲಿ ಗುಮಾಸ್ತೆ. ಒಂದು ಸುಳ್ಳು, ಒಂದು ಹುಳುಕು ಇಲ್ಲ. ವೇದಕ್ಕಾರರು ಅಂದ್ರೆ ಅವರು!"

"ಎಲಿಯಾಸ್ ಸಾರ್ ವೇದಕ್ಕಾರರಲ್ಲ ಅಕ್ಕಾ. ಯೂದರು."

"ಹಾಗಂದ್ರೆ?"

"ಯೆಹೂದಿಗಳು. ಒಂದು ಸಲ ಕ್ರಿಸ್‌ಮಸ್‌ಗೆ ಚರ್ಚಿಗೆ ಕರೆದಾಗ ನಗ್ತಾ ಹೇಳಿದ್ರು. ಅವರು, ನಾವು, ತುಲುಕರು, ಮೂವರೂ ಆಬ್ರಹಾಮನ ಕಡೆಯವರು ಅಂತೀವಿ. ಮೂವರಿಗೂ ದೇವರು ಒಬ್ಬನೇ. ಅವರ ವೇದವೇ ನಮ್ಮ ಬೈಬಲ್ಲಿನ ಮೊದಲ ಭಾಗ. ಯೇಸುವಿನ ಹತ್ತಿರ ಬಂದಾಗ ದಾರಿ ಬೇರೆಯಾಗೋದು. ನಾವು ದೇವರ ಮಗ ಅಂತೀವಿ. ಯೂದರು ಒಪ್ಪಲ್ಲ, ರಕ್ಷಕ ಇನ್ನು ಮೇಲೆ ಬರಬೇಕು ಅಂತಾರೆ. ತುಲುಕರು ಯೇಸು ದೊಡ್ಡ ಪ್ರವಾದಿ, ಆದರೆ ಮಗ ಅಲ್ಲ ಅಂತಾರೆ. ಅವರಿಗೆ ಕೊನೆಯ ಪ್ರವಾದಿ ಮುಹಮ್ಮದ್ ನಬಿ."

ನಾಚಿಯಮ್ಮ ರಾಟೆಯನ್ನು ಆಚೆ ಸರಿಸಿ ಇನ್ನೂ ಹತ್ತಿರ ಕೂತಳು.

"ನಿಜ ಹೇಳಬೇಕಂದ್ರೆ ನಿತ್ಯದ ನಡವಳಿಕೇಲಿ ಎಲಿಯಾಸ್ ಸಾರ್ ನಮಗಿಂತ ಈ ತುಲುಕರಿಗೇ ಹತ್ತಿರ. ಇಬ್ಬರಿಗೂ ಹಂದಿ ಆಗದು, ಇಬ್ಬರಿಗೂ ವಿಗ್ರಹ ಕೂಡದು, ಗಂಡುಮಕ್ಕಳಿಗೆ ಇಬ್ಬರೂ ಸುನ್ನತಿ ಮಾಡಿಸ್ತಾರೆ. ನಮಗೆ ಭಾನುವಾರ ದೊಡ್ಡ ದಿನ, ಇವರಿಗೆ ಶುಕ್ರವಾರ, ಅವರಿಗೆ ಶನಿವಾರ. ಶನಿವಾರ ಬೆಂಕಿ ಸಹ ಹೊತ್ತಿಸಲ್ಲ."

ಶನಿವಾರ! ಹನ್ನೊಂದು ವರ್ಷ, ಪ್ರತಿ ಶನಿವಾರ ಬೆಳಿಗ್ಗೆ ಎಲಿಯಾಸ್ ಸಾರ್‌ಗೆ ಸೀಮೆಎಣ್ಣೆ ಒಲೆ ಹೊತ್ತಿಸಿ ನೀರು ಕಾಯಿಸಿಕೊಟ್ಟವಳು ನಾಚಿಯಮ್ಮನೇ. ಅವರು ಕೇಳುತ್ತಿರಲಿಲ್ಲ, ತಣ್ಣಗಿನ ಒಲೆಯ ಮುಂದೆ ಸುಮ್ಮನೆ ಕೂತಿರುತ್ತಿದ್ದರು. ಪೆರುಮಾಳ್ ದೇವರಿಗೆ ಶನಿವಾರದ ಹರಕೆ ಹೊತ್ತಿರಬೇಕು, ವೇದಕ್ಕಾರರಾದರೂ ಎಂಥ ಭಕ್ತಿ ಎಂದು ಅವಳು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

"ನನಗ್ಯಾಕೆ ಹೇಳಲಿಲ್ಲ ಅವರು?" ಒಂದೇ ದಿನದಲ್ಲಿ ಎರಡನೆಯ ಸಲ ಮೋಸಹೋದಂತೆ ಅವಳಿಗೆ ಅನ್ನಿಸಿತು.

"ನೀವು ಕೇಳಿದ್ರಾ?"

ಕೇಳಿದ್ದೇನೋ ನಿಜ. ಕೋಣೆ ಕೊಡುವಾಗ ರಾಮಲಿಂಗಂ ಕೇಳಿದ್ದು, ಅವಳು ಪಕ್ಕದಲ್ಲಿ ನಿಂತಿದ್ದಳು. ಆಗ ಬೀದಿಯಲ್ಲಿ ಕಟ್ಟುಪಾಡು ಇರಲಿಲ್ಲ, ಆದರೂ ಪ್ರಶ್ನೆ ಅದೇ ಆಗಿತ್ತು: ನೀವು ತುಲುಕರಲ್ಲ ತಾನೆ? ಎಲಿಯಾಸ್ ಸಾರ್ ಇಲ್ಲ ಎಂದಿದ್ದರು. ಅದು ನಿಜವೇ ಆಗಿತ್ತು. ಒಬ್ಬರು ನಿಜ ಹೇಳಿ ಒಳಗೆ ಬಂದರು, ಇನ್ನೊಬ್ಬರು ಸುಳ್ಳು ಹೇಳಿ ಬಂದರು. ಕೇಳಿದವರಿಗೆ ಇಬ್ಬರ ದೇವರು ಯಾರೆಂಬುದೂ ಬೇಕಾಗಿರಲಿಲ್ಲ. ಟೀಚರ್ ಹೋದ ಮೇಲೆ ನಾಚಿಯಮ್ಮ ಮತ್ತೆ ರಾಟೆಗೆ ಕೂತಳು. ಅವಳ ನೋವು ಕಡಿಮೆಯಾಗಲಿಲ್ಲ, ಆದರೆ ಈಗ ಅದು ಯಾರ ಮೇಲೆ ಎಂದು ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಐದೂವರೆಗೆ ಬೀದಿಯಲ್ಲಿ ಸದ್ದಾಯಿತು. ಪಟ್ಟರೆಯಿಂದ ಬರುತ್ತಿದ್ದ ಜೇಕಬ್‌ನನ್ನು ತಡೆದು, ಸೈಕಲ್ ಕಿತ್ತುಕೊಂಡು, ಸೋಮಸುಂದರಂ ಮತ್ತು ಏಳೆಂಟು ಜನ ನಾಚಿಯಮ್ಮನ ಜಗಲಿಯ ಮುಂದೆ ತಂದು ನಿಲ್ಲಿಸಿದರು. ಅವನ ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು. ತುಟಿ ಒಣಗಿ ಬಿರಿದಿತ್ತು. ಮೇರಿ ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅತ್ತಿಗೆ, ನಾವು ರೌಡಿಗಳಲ್ಲ," ಎಂದ ಸೋಮಸುಂದರಂ. ಅವನು ಹಾಗೆ ನಂಬಿದ್ದ ಕೂಡ. "ಅಣ್ಣ ಇಲ್ಲದ ಮನೆ ಇದು. ಒಂಟಿ ಹೆಂಗಸಿಗೆ ಮೋಸ ಮಾಡಿದವನನ್ನ ಸುಮ್ನೆ ಬಿಟ್ರೆ ನಾಳೆ ಯಾರ ಮನೇಲಿ ಯಾರಿದ್ದಾರೆ ಅಂತ ಹೇಗೆ ಗೊತ್ತಾಗೋದು? ಇವನು ಗುಡಿ ಮುಂದೆ ಬಿದ್ದು ತಪ್ಪು ಒಪ್ಪಿಕೊಳ್ಳಲಿ. ನಾಳೆ ಪಟ್ಟರೆ ಯಜಮಾನನಿಗೂ ಹೇಳ್ತೀವಿ, ಸುಳ್ಳುಗಾರನಿಗೆ ಅಲ್ಲೂ ಕೆಲಸ ಬೇಡ. ಸಾಮಾನು ಈಗಲೇ ಬೀದಿಗೆ. ನೀವು ಒಂದು ಮಾತು ಹೇಳಿ ಸಾಕು. ವೇದಕ್ಕಾರ ಅಂತ ಸುಳ್ಳು ಹೇಳಿ ಬಂದ ಅಂತ."

ಒಂದು ಮಾತು. ಅದು ನಿಜವಾದ ಮಾತೇ. ಬೆಳಿಗ್ಗೆ ಅವಳೇ ರುಕ್ಮಣಿಯ ಮುಂದೆ ಅತ್ತು ಹೇಳಿದ್ದ ಮಾತು. ನಾಚಿಯಮ್ಮ ಜೇಕಬ್‌ನನ್ನು ನೋಡಿದಳು. ಅವನು ತಲೆ ತಗ್ಗಿಸಿಯೇ ತಮಿಳಿನಲ್ಲಿ, "ಅಮ್ಮನ ತಪ್ಪೇನಿಲ್ಲ. ಸುಳ್ಳು ಹೇಳಿದ್ದು ನಾನೇ…" ಎಂದು ಆರಂಭಿಸಿದ.

"ಸುಮ್ನಿರು ನೀನು," ಎಂದಳು ನಾಚಿಯಮ್ಮ. ಮೈದುನನ ಕಡೆ ತಿರುಗಿದಳು. "ಅವನು ಸುಳ್ಳು ಹೇಳಲಿಲ್ಲ. ತುಲುಕರು ಅಂತ ಮೊದಲೇ ಹೇಳಿದ. ನನಗೆ ಗೊತ್ತಿತ್ತು."

ಸೋಮಸುಂದರಂ ಜಗಲಿಗೆ ಇನ್ನೊಂದು ಹೆಜ್ಜೆ ಹತ್ತಿರ ಬಂದ.

"ಬೆಳಿಗ್ಗೆ ರುಕ್ಮಣಿ ಹತ್ರ ಅತ್ತಿದ್ದು?"

"ಏನೋ ಜಗಳ ಆಗಿತ್ತು, ಸಿಟ್ಟಲ್ಲಿ ಅಂದೆ."

"ಅತ್ತಿಗೆ!" ಸೋಮಸುಂದರಂನ ದನಿಯಲ್ಲಿ ಕೋಪಕ್ಕಿಂತ ನೋವಿತ್ತು. "ಹಾಗಾದ್ರೆ ಗೊತ್ತಿದ್ದೂ ಕಟ್ಟುಪಾಡು ಮುರಿದದ್ದು ನೀವು. ನಮ್ಮನ್ನ ಏಮಾರಿಸಿದ್ದು ನೀವು."

"ಹೌದಪ್ಪಾ. ನಾನೇ."

"ಚೌಡಮ್ಮನ ಪೂಜೆಗೆ ಇನ್ನು ನಿಮ್ಮನ್ನ ಕರೆಯೋ ಹಾಗಿಲ್ಲ. ನಾಳೆಯಿಂದ ನಮ್ಮ ಮಗ್ಗದ ನೂಲೂ ಈ ಜಗಲಿಗೆ ಬರಲ್ಲ."

"ಸರಿ," ಎಂದಳು ನಾಚಿಯಮ್ಮ. "ಅವನ ಸೈಕಲ್ ಕೊಟ್ಟು ಹೋಗಿ."

ಅವರು ಹೋದ ಮೇಲೆ ಅವಳು ಹೊಸ್ತಿಲ ಬಳಿ ಕೂತಳು. ಜೇಕಬ್ ಕಾಲಿಗೆ ಬೀಳಲು ಬಗ್ಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ಬೇಡ. ನಾನಿನ್ನೂ ನಿಮ್ಮನ್ನ ಮನ್ನಿಸಿಲ್ಲ. ಯಾವತ್ತು ಆಗ್ತದೋ ನನಗೇ ಗೊತ್ತಿಲ್ಲ."

"ಮತ್ತೆ ಯಾಕೆ ಅತ್ತೆ ನಮಗೋಸ್ಕರ…" ಎಂದಳು ಮೇರಿ.

"ಬಾಯಿಗೆ ಬಂತು, ಹೇಳಿದೆ." ನಾಚಿಯಮ್ಮ ಅಂಗೈಯನ್ನು ಎದೆಗೆ ಒತ್ತಿಕೊಂಡಳು. "ಒಂದು ಸುಳ್ಳಿಗೆ ಎದೆ ಹೀಗೆ ಹೊಡ್ಕೊಳ್ತಿದೆ. ನೀವಿಬ್ರೂ ನಾಲ್ಕು ತಿಂಗಳು ಹೀಗೇ ಇದ್ರಾ?"

ಮೇರಿ ಅವಳ ಪಕ್ಕದಲ್ಲಿ ಕಷ್ಟಪಟ್ಟು ಕೂತು ಅತ್ತಳು. ನಾಚಿಯಮ್ಮನೂ ಅತ್ತಳು; ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನೆಟ್ಟಗೆ ಕೂತಳು. ಬೀದಿಬಾಗಿಲು ತೆರೆದೇ ಇತ್ತು. ಎದುರು ಮನೆಯ ಜಗಲಿಯಲ್ಲಿ ನಾಲ್ಕೈದು ಜನ ಕೂತು ಇತ್ತಲೇ ನೋಡುತ್ತಿದ್ದರು. ಜೇಕಬ್ ಬಾಗಿಲು ಮುಚ್ಚಲು ಹೋದ.

"ತೆರೆದೇ ಇರಲಿ. ಆ ಹಳೇ ಮಾತಿನ ಮೇಲೆ ನೀವು ಈ ಮನೇಲಿ ಇರೋದು ಬೇಡ," ಎಂದಳು. "ಈಗ ಹೊಸದಾಗಿ ಕೇಳ್ತೀನಿ. ನಿಮ್ಮ ಹೆಸರೇನು?"

ಅವನು ಬೀದಿಯ ಕಡೆ ನೋಡಿ ತುಟಿ ಮಾತ್ರ ಅಲುಗಿಸಿದ.

"ಜೋರಾಗಿ ಹೇಳು."

"ಯಾಕೂಬ್," ಎಂದ ಅವನು, ಎದುರು ಜಗಲಿಗೆ ಕೇಳುವಂತೆ. "ಇವಳು ಮರಿಯಂ."